ಅಗೆದ ಕುಳಿಯನ್ನು ಮುಚ್ಚುವವರು ಯಾರು?



ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ಶಾಲೆಯ ಹಿಂದಿನ ದಿನಗಳನ್ನು ಕುರಿತು ಬರೆಯಲು ನಮಗಿಂತ ಹಿರಿಯರಾದವರು ಅನೇಕರಿದ್ದಾರೆ. ಆದಕಾರಣ ನಾವು ನಮ್ಮ ವೃತ್ತಿಗೆ ತಕ್ಕಂತೆ ಒಂದು ಪಾಠವನ್ನೇ ಬರೆಯುವುದು ಲೇಸೆಂದು ನಿಶ್ಚಯಿಸಿದೆವು. ಪಾಠದ ವಿಷಯವನ್ನು ಮಾತ್ರ ನಾವು ಆರಿಸಿದವರಲ್ಲ. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಅದನ್ನು ನಮಗೆ ಆರಿಸಿಕೊಟ್ಟಳು.

1. ಪ್ರಶ್ನೆಯು ಹುಟ್ಟಿದ ಬಗೆ

ಕಳೆದ ಚಳಿಗಾಲದಲ್ಲಿ ನಾವು ವಿದ್ಯಾರ್ಥಿನಿಯರನ್ನು ಕರೆದುಕೊಂಡು ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ಆ ಸ್ಥಳವು ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ವಿದುರನು ನೆಟ್ಟನೆಂದು ಜನರು ಹೇಳುವ ಅರಳಿಯ ಮರವು ಅಲ್ಲಿತ್ತು. ಅದರ ಸುತ್ತಲೂ ತಲೆತಲಾಂತರಗಳಿಂದ ಪ್ರತಿಷ್ಠಿಸಲ್ಪಟ್ಟ ಸಾವಿರಾರು ನಾಗರಕಲ್ಲುಗಳು ಇಂದಿಗೂ ನಿಂತಿವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಕೂಡಿದ ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸಲ್ಪಟ್ಟದ್ದೂ ಅಲ್ಲಿಯೇ. ಮಕ್ಕಳು ಹುತಾತ್ಮರ ಸ್ಮಾರಕದ ಮುಂದೆ ಮೌನವಾಗಿ ನಿಂತರು. ನಾಗರಕಲ್ಲುಗಳನ್ನು ಎಣಿಸಲು ಯತ್ನಿಸಿ ಸೋತರು.

ಹಿಂದಿರುಗುವಾಗ ದಾರಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಪಕ್ಕದಲ್ಲಿ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿಯಿತ್ತು. ಗುಡ್ಡದ ಅರ್ಧವು ಹೋಗಿ ಉಳಿದರ್ಧವು ಗೋಡೆಯಂತೆ ನೆಟ್ಟಗೆ ನಿಂತಿತ್ತು. ಕೆಳಗೆ ಆಳವಾದ ಕುಳಿ, ಕುಳಿಯಲ್ಲಿ ಹಸುರುಗಟ್ಟಿದ ನೀರು. ಸುತ್ತಲೂ ಬೇಲಿಯಿರಲಿಲ್ಲ, ಎಚ್ಚರಿಕೆಯ ಹಲಗೆಯೂ ಇರಲಿಲ್ಲ. ಅಂಚಿನಲ್ಲಿ ಮೇಕೆಗಳು ಮೇಯುತ್ತಿದ್ದವು. ಅವುಗಳ ಹಿಂದೆ ಏಳೆಂಟು ವರ್ಷದ ಹುಡುಗನೊಬ್ಬನು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದ್ದನು.

"ಮಿಸ್, ಇದನ್ನು ಅಗೆದವರು ಎಲ್ಲಿಗೆ ಹೋದರು? ಇದನ್ನು ಮುಚ್ಚುವವರು ಯಾರು?" ಎಂದು ಆ ಬಾಲಿಕೆಯು ಕೇಳಿದಳು.

"ಸರ್ಕಾರದವರು ನೋಡಿಕೊಳ್ಳುತ್ತಾರಮ್ಮ, ಬಸ್ಸು ಹತ್ತು" ಎಂದು ನಾವು ಹೇಳಿದೆವು.

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನಮಗೆ ಅದು ಉತ್ತರವಲ್ಲವೆಂಬುದು ಗೊತ್ತಿತ್ತು. ಮಗುವಿನ ಪ್ರಶ್ನೆಯನ್ನು ಬಸ್ಸಿನ ಬಾಗಿಲಲ್ಲಿ ಬಿಟ್ಟುಬಂದೆವೆಂಬ ಸಂಕೋಚವು ಊರು ಸೇರುವವರೆಗೂ ನಮ್ಮನ್ನು ಬಿಡಲಿಲ್ಲ. ಈ ಪಾಠವು ಅವಳಿಗೆ ನಾವು ಸಲ್ಲಿಸಬೇಕಾಗಿದ್ದ ಉತ್ತರವಾಗಿದೆ.

2. ಗಣಿಯಿಂದ ಹೊರಬೀಳುವ ಕಸವೆಂದರೇನು?

ಮನೆಯಲ್ಲಿ ಅಡುಗೆಗೆ ತೊಡಗುವ ಮುಂಚೆಯೇ ಜಾಣೆಯಾದ ಗೃಹಿಣಿಯು ಮುಸುರೆನೀರು ಎಲ್ಲಿಗೆ ಹೋಗಬೇಕು, ಬೂದಿಯನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಗೊತ್ತುಮಾಡಿಕೊಂಡಿರುತ್ತಾಳೆ. ಊಟ ಮುಗಿದ ಮೇಲೆ ಯೋಚಿಸುವೆನೆಂದರೆ ಅಷ್ಟರಲ್ಲಿ ಅಂಗಳವು ಕೊಳೆತು ನಾರುವುದು. ಗಣಿಯ ಸಂಗತಿಯೂ ಹೀಗೆಯೇ. ಆದರೆ ಇಲ್ಲಿ ಕಸವೇ ಊಟಕ್ಕಿಂತ ಬಹುಪಾಲು ಹೆಚ್ಚು.

ನೆಲವನ್ನು ಅಗೆಯುವಾಗ ಮೊದಲು ಬರುವುದು ಮೇಲ್ಮಣ್ಣು. ಒಂದು ಗೇಣು ಫಲವತ್ತಾದ ಮಣ್ಣು ಆಗಲು ಪ್ರಕೃತಿಗೆ ನೂರಾರು ವರ್ಷಗಳು ಬೇಕು. ಯಂತ್ರವು ಅದನ್ನು ಒಂದು ಗಳಿಗೆಯಲ್ಲಿ ಕೆರೆದು ಹಾಕುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ಇಲ್ಲಿಗೆ ತಕ್ಕುದಾಗಿದೆ. ಎರಡನೆಯದು, ಬೇಕಾದ ಖನಿಜದ ಮೇಲೆ ಕವಿದಿರುವ ಬೇಡವಾದ ಮಣ್ಣು ಮತ್ತು ಬಂಡೆ. ಮೂರನೆಯದು, ಅದಿರನ್ನು ಅರೆದು ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿಯುವ ನುಣುಪಾದ ಹುಡಿ ಅಥವಾ ಕೆಸರು. ಈ ಮೂರನೆಯದೇ ಎಲ್ಲಕ್ಕಿಂತ ಅಪಾಯಕರವಾದದ್ದು, ಯಾಕಂದರೆ ಗಾಳಿಯು ಅದನ್ನು ಹಾರಿಸುವುದು, ಮಳೆಯು ಅದನ್ನು ಹರಿಸುವುದು.

ಗಣಿಯ ನೆಲದ ಪುನರುದ್ಧಾರವೆಂದರೆ ಈ ಮೂರನ್ನೂ ಕ್ರಮಪಡಿಸುವುದೇ ಆಗಿದೆ. ಮೇಲ್ಮಣ್ಣನ್ನು ಬೇರೆಯಾಗಿ ಕಾದಿರಿಸಿ ಕೊನೆಗೆ ಮೇಲೆ ಹರಡಬೇಕು. ಬೇಡವಾದ ಬಂಡೆಯನ್ನು ಕುಳಿಗೆ ತುಂಬಬೇಕು. ತುಂಬಲಾಗದಿದ್ದರೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ತಳದಲ್ಲಿ ತಡೆಗೋಡೆ ಕಟ್ಟಿ, ಸುತ್ತಲೂ ಮಳೆನೀರಿನ ಕಾಲುವೆ ತೋಡಬೇಕು. ಆ ಮೇಲೆ ಹುಲ್ಲನ್ನೂ ಗಿಡಗಳನ್ನೂ ಬೆಳೆಸಿ, ಅವು ಬೇರೂರುವವರೆಗೂ ನೋಡಿಕೊಳ್ಳಬೇಕು. ಇದರಲ್ಲಿ ಬೆಡಗಿನ ವಿದ್ಯೆಯೇನೂ ಇಲ್ಲ. ಬೇಕಾದದ್ದು ಹಣ, ಕಾಲ, ಮತ್ತು ಮಾಡಿದರೋ ಇಲ್ಲವೋ ಎಂದು ನೋಡುವ ಒಬ್ಬ ಮೇಲ್ವಿಚಾರಕ.

3. ಕೋಲಾರದ ಚಿನ್ನದ ಗಣಿಯ ದೃಷ್ಟಾಂತ

2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಕೋಲಾರ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಕೋಲಾರದ ಚಿನ್ನದ ಗಣಿಯ ಕಥೆಯು ನಮಗೆ ನೆರೆಮನೆಯ ಕಥೆಯಲ್ಲ, ನಮ್ಮ ಮನೆಯದೇ ಆಗಿದೆ.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯು ಅಲ್ಲಿನ ಗಣಿಗಳ ಆಡಳಿತಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು ಅಲ್ಲಿಗೆ ಹರಿದುಬಂದದ್ದನ್ನು ನೀವೆಲ್ಲರೂ ಪಾಠಪುಸ್ತಕದಲ್ಲಿ ಓದಿರುವಿರಿ. ಚಾಂಪಿಯನ್ ರೀಫ್ ಗಣಿಯು ನೆಲದಡಿಗೆ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಇದೆಲ್ಲವೂ ಸತ್ಯವೇ, ಹೆಮ್ಮೆಪಡತಕ್ಕದ್ದೇ. ಪಾಠಪುಸ್ತಕವು ಹೇಳದ ಭಾಗವನ್ನು ಈಗ ನೋಡೋಣ.

ಒಂದು ಟನ್ ಅದಿರಿನಲ್ಲಿ ಇರುವ ಚಿನ್ನವು ಕೆಲವು ಗ್ರಾಮುಗಳು ಮಾತ್ರ. ಅದನ್ನು ಪಡೆಯಲು ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ನೆನೆಹಾಕುತ್ತಾರೆ. ಚಿನ್ನವು ದ್ರಾವಣದಲ್ಲಿ ಕರಗುವುದು. ಸತುವಿನ ಪುಡಿಯನ್ನು ಸೇರಿಸಿ ಅದನ್ನು ಬೇರ್ಪಡಿಸುವರು. ಉಳಿದ ಹಿಟ್ಟನ್ನು ಹೊರಗೆ ಸುರಿಯುವರು. ಹೀಗೆ ನೂರು ವರ್ಷಗಳಿಗೂ ಮಿಕ್ಕಿ ಸುರಿದ ಹಿಟ್ಟು ಇಂದು 13 ದಿಬ್ಬಗಳಾಗಿ ನಿಂತಿದೆ. ಅದರ ಮೊತ್ತವು ಸುಮಾರು 3.3 ಕೋಟಿ ಟನ್, ಅದು ಆವರಿಸಿರುವ ನೆಲ ಸುಮಾರು 1,000 ಎಕರೆ. ಜನರು ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ.

ಬಿಸಿಲು ಗಾಳಿಗಳಿಗೆ ಸಿಕ್ಕಿದ ಸೈನೈಡು ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವುದು. ಆದರೆ ಕಲ್ಲಿನ ಹುಡಿಯು ಒಡೆದುಹೋಗುವುದಿಲ್ಲ. ಬೇಸಿಗೆಯಲ್ಲಿ ಗಾಳಿ ಬೀಸಿದಾಗ ಅದು ಮನೆಗಳೊಳಗೆ, ಬಾವಿಗಳೊಳಗೆ, ಉಸಿರಿನೊಳಗೆ ಬರುವುದು. ಹುಡಿಯಲ್ಲಿರುವ ಗಂಧಕಯುಕ್ತ ಖನಿಜಗಳು ಮಳೆನೀರಿನೊಡನೆ ಕೂಡಿ ಆಮ್ಲವಾಗುವುವು. ಅಂಥಾ ನೀರು ಹರಿದ ಹೊಲದಲ್ಲಿ ಬೆಳೆಯು ಏಳುವುದು ಕಷ್ಟ.

ಬ್ರಿಟಿಷ್ ಕಂಪನಿಗಳು ಹೋದುವು. 1956ರಲ್ಲಿ ಗಣಿಗಳು ಸರ್ಕಾರದ ವಶವಾದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿಯು ನಿಂತುಹೋಯಿತು. ಗಣಿಯನ್ನು ಮುಚ್ಚುವ ಮುನ್ನ ಮುಚ್ಚುವಿಕೆಯ ಯೋಜನೆಯನ್ನು ಒಪ್ಪಿಸತಕ್ಕದ್ದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2003ರಲ್ಲಿ. ವಾಚಕರು ಈ ಎರಡು ವರ್ಷಗಳ ಅಂತರವನ್ನು ಗಮನಿಸಬೇಕು. ನೂರಿಪ್ಪತ್ತು ವರ್ಷ ನಡೆದ ಗಣಿಯು, ಕಾನೂನು ಬಾಗಿಲು ತಟ್ಟುವುದಕ್ಕೆ ಎರಡು ವರ್ಷ ಮೊದಲು ಬಾಗಿಲು ಹಾಕಿಕೊಂಡಿತು.

ದಿಬ್ಬಗಳಲ್ಲಿ ಇನ್ನೂ ಸ್ವಲ್ಪ ಚಿನ್ನವು ಉಳಿದಿರುವುದರಿಂದ ಅವನ್ನು ಮತ್ತೆ ಶೋಧಿಸುವ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲವು ಸಮ್ಮತಿಯನ್ನಿತ್ತಿತು. ಒಮ್ಮೆ ಶೋಧಿಸಿದ ಹುಡಿಯನ್ನು ಎರಡನೆಯ ಸಲ ಎಲ್ಲಿ ಇಡುವರು, ಹೇಗೆ ಮುಚ್ಚುವರು ಎಂಬುದನ್ನು ಕೆಲಸ ತೊಡಗುವ ಮುನ್ನವೇ ಕೇಳುವುದು ಬುದ್ಧಿವಂತರ ಲಕ್ಷಣವಾಗಿದೆ.

4. ಶಾಲೆಯ ಮೇಲೆ ಜಾರಿದ ಗುಡ್ಡ

ಹುಡಿಯ ದಿಬ್ಬವು ಒಂದೆಡೆ ಸುಮ್ಮನೆ ಬಿದ್ದಿರುವುದಲ್ಲವೇ, ಅದರಿಂದ ಅಷ್ಟೇನು ಕೇಡು ಎಂದು ಕೆಲವರು ಕೇಳಬಹುದು. ಅವರಿಗೆ ನಾವು ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರ್‌ಫಾನ್ ಎಂಬ ಹಳ್ಳಿಯ ವೃತ್ತಾಂತವನ್ನು ಹೇಳುವೆವು.

ಅಲ್ಲಿನ ಕಲ್ಲಿದ್ದಲ ಗಣಿಯ ಕಸವನ್ನು ಹಳ್ಳಿಯ ಮೇಲಣ ಬೆಟ್ಟದಲ್ಲಿ ರಾಶಿ ಹಾಕುತ್ತಿದ್ದರು. ಏಳನೆಯ ರಾಶಿಯನ್ನು ನೀರಿನ ಒರತೆಯ ಮೇಲೆಯೇ ಹಾಕಿದರು. ಕೆಸರು ಶಾಲೆಯ ಹಿಂದೆಯೇ ಸುರಿಯಲ್ಪಡುತ್ತಿದೆಯೆಂದು ಸ್ಥಳೀಯ ಅಧಿಕಾರಿಯೊಬ್ಬರು 1963ರಲ್ಲಿಯೇ ಪತ್ರ ಬರೆದು ಎಚ್ಚರಿಸಿದ್ದರು. 1965ರಲ್ಲಿ ತಾಯಂದಿರು ಶಾಲೆಯ ಬಳಿ ನೀರು ನುಗ್ಗುವುದನ್ನು ಕುರಿತು ಅರ್ಜಿಯೊಂದನ್ನು ಮಾಡಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯು ಅದನ್ನು ಮೇಲಿನವರಿಗೆ ಮುಟ್ಟಿಸಿದರು. ಕಾಗದಗಳು ಹೋದುವು; ರಾಶಿಯು ಬೆಳೆಯುತ್ತಲೇ ಇತ್ತು.

1966ರ ಅಕ್ಟೋಬರ್ 21ರ ಬೆಳಗ್ಗೆ, ಶಾಲೆಯು ಆಗ ತಾನೇ ಆರಂಭವಾಗಿದ್ದಾಗ, ಆ ರಾಶಿಯು ಜಾರಿ ಶಾಲೆಯ ಮೇಲೆ ಬಿದ್ದಿತು. ಸತ್ತವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು. ಅರ್ಜಿಯನ್ನು ಮುಟ್ಟಿಸಿದ್ದ ಮುಖ್ಯೋಪಾಧ್ಯಾಯಿನಿಯೂ ತನ್ನ ಮಕ್ಕಳೊಡನೆ ಮಡಿದರು.

ವಿಚಾರಣಾ ಮಂಡಳಿಯು 1967ರಲ್ಲಿ ತಪ್ಪನ್ನು ರಾಷ್ಟ್ರೀಯ ಕಲ್ಲಿದ್ದಲ ಮಂಡಳಿಯ ಮೇಲೆ ಹೊರಿಸಿತು. ಹಾಗಿದ್ದರೂ ಉಳಿದ ರಾಶಿಗಳನ್ನು ತೆಗೆಸುವ ವೆಚ್ಚಕ್ಕೆಂದು, ಲೋಕದ ಜನರು ಸಂತ್ರಸ್ತರಿಗಾಗಿ ಕೊಟ್ಟ ನಿಧಿಯಿಂದಲೇ 1,50,000 ಪೌಂಡುಗಳನ್ನು ತೆಗೆದುಕೊಂಡರು. ಆ ಹಣವನ್ನು ಹಿಂದಿರುಗಿಸಿದ್ದು 1997ರಲ್ಲಿ. ಇಂಥಾ ರಾಶಿಗಳನ್ನು ಕುರಿತ ಕಾನೂನು ಆ ದೇಶದಲ್ಲಿ ಹುಟ್ಟಿದ್ದು 1969ರಲ್ಲಿ, ಅಂದರೆ ಮಕ್ಕಳನ್ನು ಹೂಳಿದ ಮೇಲೆ.

ಈ ವೃತ್ತಾಂತವನ್ನು ಓದಿದ ದಿನ ನಮಗೆ ನಿದ್ರೆ ಬರಲಿಲ್ಲ. ಕಸವನ್ನು ಹಾಕಿದವನು ತೆಗೆಯಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ತೆಗೆಯುವ ಕೂಲಿಯನ್ನೂ ಕೊಟ್ಟರು. ಮೇಲ್ವಿಚಾರಣೆಯು ಇಲ್ಲದಿದ್ದರೆ ಲೆಕ್ಕವು ಎಲ್ಲೆಲ್ಲಿಯೂ ಹೀಗೆಯೇ ಮುಗಿಯುವುದು.

5. ಕಾನೂನು ಏನನ್ನು ಹೇಳುತ್ತದೆ?

ನಮ್ಮ ದೇಶದಲ್ಲಿ ಗಣಿಗಳ ಮೂಲ ಕಾನೂನು 1957ರದು. 1988ರ ನಿಯಮಗಳು ಮೇಲ್ಮಣ್ಣನ್ನು ಕಾದಿರಿಸುವುದು, ಕಸವನ್ನು ಗೊತ್ತಾದ ಸ್ಥಳದಲ್ಲಿ ಇಡುವುದು, ಅಗೆದ ನೆಲವನ್ನು ಹಂತಹಂತವಾಗಿ ಸರಿಪಡಿಸುವುದು ಇವುಗಳನ್ನು ಗಣಿಯವರ ಕರ್ತವ್ಯವೆಂದು ವಿಧಿಸಿದುವು. 2003ರಲ್ಲಿ ಗಣಿ ಮುಚ್ಚುಗಡೆಯ ಯೋಜನೆ ಮತ್ತು ಭದ್ರತೆಯ ಹಣ ಎಂಬ ಎರಡು ಹೊಸ ಸಂಗತಿಗಳು ಸೇರಿದುವು. 2017ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದರು.

ಭದ್ರತೆಯ ಹಣವೆಂಬುದನ್ನು ಬಾಡಿಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ಬಾಡಿಗೆಗೆ ಬರುವವನಿಂದ ಮನೆಯ ಯಜಮಾನನು ಮುಂಗಡವನ್ನು ತೆಗೆದುಕೊಳ್ಳುವನಷ್ಟೆ. ಬಿಟ್ಟುಹೋಗುವಾಗ ಗೋಡೆಯು ಕೆಟ್ಟಿದ್ದರೆ ಅದರಿಂದ ಸುಣ್ಣ ಹೊಡೆಸುವನು. ಚೆನ್ನಾಗಿದ್ದರೆ ಹಿಂದಕ್ಕೆ ಕೊಡುವನು. ಅಂತೆಯೇ ಗಣಿಯವನು ಉಪಯೋಗಿಸುವ ಪ್ರತಿಯೊಂದು ಹೆಕ್ಟೇರಿಗೂ ಭದ್ರತೆಯನ್ನು ಕೊಡಬೇಕು. 2017ರಲ್ಲಿ ಇದು ದೊಡ್ಡ ಗಣಿಗೆ ಹೆಕ್ಟೇರಿಗೆ 3 ಲಕ್ಷ, ಚಿಕ್ಕದಕ್ಕೆ 2 ಲಕ್ಷ ರೂಪಾಯಿಗಳಿತ್ತು. 2021ರಲ್ಲಿ ಕ್ರಮವಾಗಿ 5 ಲಕ್ಷಕ್ಕೂ 3 ಲಕ್ಷಕ್ಕೂ ಏರಿಸಲ್ಪಟ್ಟಿತು. ಕೊನೆಯ ಮುಚ್ಚುಗಡೆಯ ಯೋಜನೆಯನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸದಿದ್ದರೆ ಆ ಹಣವನ್ನು ಮುಟ್ಟುಗೋಲು ಹಾಕಬಹುದು. ಉಂಡೂ ಹೋದ ಕೊಂಡೂ ಹೋದ ಎಂಬಂತಾಗದಿರಲು ಇದೇ ಉಪಾಯ.

2020ರ ಜನವರಿ 8ರಂದು ಸುಪ್ರೀಂ ಕೋರ್ಟು, ಗಣಿಯ ಕೆಲಸ ಮುಗಿದ ನೆಲದಲ್ಲಿ ಮತ್ತೆ ಹುಲ್ಲನ್ನು ಬೆಳೆಸಿ, ಮೇವಿಗೂ ಗಿಡಮರ ಪ್ರಾಣಿಗಳಿಗೂ ಯೋಗ್ಯವಾಗಿ ಮಾಡಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಗೋಮಾಳವು ಕರಗುತ್ತಿರುವ ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು.

ಇನ್ನು ಕಾವಲುಗಾರರು ಯಾರೆಂದರೆ: ಕಬ್ಬಿಣ, ಚಿನ್ನ ಮೊದಲಾದ ಪ್ರಧಾನ ಖನಿಜಗಳ ಗಣಿಗಳನ್ನು, 1948ರಲ್ಲಿ ಸ್ಥಾಪಿತವಾಗಿ ನಾಗಪುರದಲ್ಲಿ ಮುಖ್ಯ ಕಛೇರಿಯುಳ್ಳ ಭಾರತೀಯ ಗಣಿ ಬ್ಯೂರೋ ನೋಡಿಕೊಳ್ಳುವುದು. ಕಟ್ಟಡದ ಕಲ್ಲು, ಮರಳು ಮೊದಲಾದ ಉಪಖನಿಜಗಳು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದುವು. ಗಾಳಿ ನೀರುಗಳು ಕೆಡದಂತೆ ನೋಡುವುದು 1974ರಲ್ಲಿ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕೆಲಸಗಾರರ ಪ್ರಾಣರಕ್ಷಣೆಯು ಧನ್‌ಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪಾಲಿಗೆ ಬಂದಿದೆ. ಕಾವಲುಗಾರರು ಇಷ್ಟು ಮಂದಿಯಿರುವುದರಿಂದಲೇ ಒಂದು ತೊಡಕೂ ಉಂಟು: ಅರ್ಜಿ ಕೊಡಹೋದವನನ್ನು ಒಂದು ಕಛೇರಿಯವರು ಇನ್ನೊಂದು ಕಛೇರಿಗೆ ಕಳುಹಿಸಬಹುದು. ಆದಕಾರಣ ಯಾವ ಕೆಲಸ ಯಾರದೆಂಬುದನ್ನು ನಾವೇ ತಿಳಿದಿರುವುದು ಒಳ್ಳೆಯದು.

6. ಬಳ್ಳಾರಿಯ ಪಾಠ

ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಸಾಲದೆಂಬುದಕ್ಕೆ ಬಳ್ಳಾರಿಯೇ ಸಾಕ್ಷಿ. 1988ರ ನಿಯಮವೂ 2003ರ ನಿಯಮವೂ ಇದ್ದಾಗಲೇ ಸಂಡೂರು ಹೊಸಪೇಟೆಗಳ ಸುತ್ತಲಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿಗಾಗಿ ಮಿತಿಮೀರಿದ ಅಗೆತ ನಡೆಯಿತು. ಗಣಿಯ ಮಣ್ಣು ಹಳ್ಳಗಳಿಗೂ ಹೊಲಗಳಿಗೂ ಇಳಿಯಿತು. ಕೆಂಪು ಧೂಳು ಬೆಳೆಯ ಮೇಲೆ ಕೂತಿತು.

2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ತಮ್ಮ ವರದಿಯನ್ನು ಒಪ್ಪಿಸಿದರು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿಯೂ, ಆಗಸ್ಟ್ 26ರಂದು ಚಿತ್ರದುರ್ಗ ತುಮಕೂರುಗಳಲ್ಲಿಯೂ ಗಣಿಯ ಕೆಲಸವನ್ನು ನಿಲ್ಲಿಸಿತು. ಅಪರಾಧದ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತ್ಯಂತ ಕೆಟ್ಟ ವರ್ಗದ ಗುತ್ತಿಗೆಗಳು ರದ್ದಾದುವು.

ನಮ್ಮ ಪಾಠಕ್ಕೆ ಮುಖ್ಯವಾದದ್ದು ಇನ್ನೊಂದು. ಪ್ರತಿಯೊಂದು ಗಣಿಗೂ ಬೇರೆಬೇರೆಯಾಗಿ ಪುನರುದ್ಧಾರದ ಯೋಜನೆಯನ್ನು ಬರೆಸಿದರು. ತಡೆಗೋಡೆ ಎಲ್ಲಿ, ಚೆಕ್‌ಡ್ಯಾಂ ಎಷ್ಟು, ಗಿಡಗಳೆಲ್ಲಿ ಎಂಬುದೆಲ್ಲವೂ ಅದರಲ್ಲಿತ್ತು. ಯೋಜನೆಯಂತೆ ನಡೆದುಕೊಂಡ ಹೊರತು ಕೆಲಸವನ್ನು ಮತ್ತೆ ಆರಂಭಿಸಗೊಡಲಿಲ್ಲ. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ತುಮಕೂರುಗಳಿಗೆ ಒಟ್ಟು 50 ಲಕ್ಷ ಟನ್ ಎಂದು ಮಿತಿಯನ್ನು ಕಟ್ಟಿದರು. 2022ರಲ್ಲಿ ಈ ಮಿತಿಗಳನ್ನು ಹೆಚ್ಚಿಸಲಾಯಿತು. ಗಣಿಯಿಂದ ಕೂಡಿಸಿದ ಹಣದಿಂದ ನೊಂದ ಊರುಗಳನ್ನು ಉದ್ಧರಿಸಲು ಒಂದು ನಿಗಮವು ಹುಟ್ಟಿತು. ಆ ನಿಗಮದ ವೆಚ್ಚಗಳ ಮೇಲ್ವಿಚಾರಣೆಗೆ 2022ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿಯವರನ್ನು ನೇಮಿಸಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಹೇಳಬಹುದು. ಆದರೂ ಬಾಗಿಲನ್ನು ಹಾಕಬಹುದೆಂಬುದು ಇದರಿಂದ ಸಿದ್ಧವಾಯಿತು. ಮೇಲ್ವಿಚಾರಕನಿಗೆ ಕೆಲಸವನ್ನು ನಿಲ್ಲಿಸುವ ಅಧಿಕಾರವಿದ್ದರೆ ತಡೆಗೋಡೆಯು ಏಳುವುದು. ಅಧಿಕಾರವಿಲ್ಲದಿದ್ದರೆ ವರದಿಯು ಮಾತ್ರ ಏಳುವುದು.

7. ನಮ್ಮ ನಾಲ್ಕು ತಾಲ್ಲೂಕುಗಳ ಕಲ್ಲು

ನಮ್ಮಲ್ಲಿ ಚಿನ್ನವಿಲ್ಲ, ಕಬ್ಬಿಣವಿಲ್ಲ, ಕಲ್ಲು ಉಂಟು. ಬೆಂಗಳೂರು ಬೆಳೆದಂತೆಲ್ಲಾ ನಮ್ಮ ಗುಡ್ಡಗಳು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿ ಹತ್ತುತ್ತಿವೆ. ಐದು ಹೆಕ್ಟೇರಿಗಿಂತ ಕಡಿಮೆಯಾದ ಇಂಥಾ ಉಪಖನಿಜದ ಗುತ್ತಿಗೆಗಳಿಗೆ 2012ರ ಫೆಬ್ರವರಿ 27ರವರೆಗೆ ಪರಿಸರದ ಅನುಮತಿಯೇ ಬೇಕಾಗಿರಲಿಲ್ಲ. ಆ ದಿನ ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಅದು ಬೇಕೇ ಬೇಕೆಂದು ವಿಧಿಸಿತು. ನಮ್ಮ ಸುತ್ತ ನಾವು ಕಾಣುವ ಅನಾಥವಾದ ಕುಳಿಗಳಲ್ಲಿ ಬಹಳಷ್ಟು ಅದಕ್ಕಿಂತ ಹಿಂದಿನ ಕಾಲದ ಸಂತಾನವೆಂದು ಊಹಿಸಬಹುದು.

ಇಂಥಾ ಕುಳಿಗಳಿಗೆ ಇನ್ನೊಂದು ಗತಿಯೂ ಉಂಟು. ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕ್ವಾರಿಗಳಿಗೆ ನಗರದ ಕಸವನ್ನು ತುಂಬಿಸಿದರು. ಮುಚ್ಚದೆ ಬಿಟ್ಟ ಕುಳಿಯು ಯಾರದೋ ತಿಪ್ಪೆಯಾಗುವುದಕ್ಕೆ ಬಹಳ ಕಾಲ ಬೇಕಾಗಿಲ್ಲ.

ಕ್ರಷರಿನ ಧೂಳಿನ ವಿಷಯವನ್ನು ಶಿಡ್ಲಘಟ್ಟ ಚಿಂತಾಮಣಿಗಳ ಪೋಷಕರಿಗೆ ನಾವು ವಿವರಿಸಬೇಕಾಗಿಲ್ಲ. ರೇಷ್ಮೆಹುಳುವಿಗೆ ಹಿಪ್ಪುನೇರಳೆಯ ಸೊಪ್ಪಲ್ಲದೆ ಬೇರೆ ಆಹಾರವಿಲ್ಲ. ಧೂಳು ಕವಿದ ಸೊಪ್ಪನ್ನು ಅದು ಸರಿಯಾಗಿ ತಿನ್ನದು; ತಿಂದರೂ ಸೊರಗುವುದು. ಹುಳು ಮನೆಯಲ್ಲಿ ಒಂದು ಬೆಳೆ ಹೋದರೆ ಆ ವರ್ಷದ ಶಾಲೆಯ ಫೀಜು ತಡವಾಗುವುದನ್ನು ನಮ್ಮ ಕಛೇರಿಯವರು ಬಲ್ಲರು.

2021ರ ಫೆಬ್ರವರಿ ತಿಂಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ನಡೆದದ್ದನ್ನು ಯಾರೂ ಮರೆತಿರಲಾರರು. ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳನ್ನು ರಾತ್ರಿಯಲ್ಲಿ ವಿಲೇವಾರಿ ಮಾಡಲು ಹೋದಾಗ ಅವು ಸಿಡಿದು 6 ಮಂದಿ ಸತ್ತರು. ಗಣಿಯ ಕಸದಲ್ಲಿ ಉಳಿದ ಸ್ಫೋಟಕವೂ ಒಂದು. ಅದನ್ನು ಎಲ್ಲಿ, ಯಾರು, ಹೇಗೆ ನಾಶಮಾಡಬೇಕೆಂಬುದಕ್ಕೆ ಕ್ರಮವುಂಟು. ಕತ್ತಲೆಯಲ್ಲಿ ಮಾಡಿದ ವಿಲೇವಾರಿಯು ಆರು ಮನೆಗಳನ್ನು ಕತ್ತಲೆ ಮಾಡಿತು.

8. ಒಬ್ಬ ತಂದೆಯ ಮಾತು

ಇಷ್ಟನ್ನು ಓದಿದವರು, ಕ್ವಾರಿಗಳನ್ನೆಲ್ಲಾ ಮುಚ್ಚಿಬಿಡಬೇಕೆಂಬುದು ನಮ್ಮ ಅಭಿಪ್ರಾಯವೆಂದು ಭಾವಿಸಬಾರದು. ನಮ್ಮ ಶಾಲೆಯ ಗೋಡೆಯೂ ಕಲ್ಲಿನದೇ. ನೀವು ಕುಳಿತು ಊಟಮಾಡಿದ ಜಗಲಿಯ ಚಪ್ಪಡಿಯೂ ಯಾವುದೋ ಗುಡ್ಡದಿಂದ ಬಂದದ್ದೇ. ಕಲ್ಲು ಒಡೆಯುವ ಕೈಗಳಿಂದ ನಮ್ಮ ಶಾಲೆಗೆ ಫೀಜು ಬರುತ್ತದೆ.

ಕಳೆದ ಪೋಷಕರ ಸಭೆಗೆ ಅಂಥಾ ಒಬ್ಬ ತಂದೆಯು ಬಂದಿದ್ದರು. ಇಪ್ಪತ್ತು ವರ್ಷ ಕ್ರಷರಿನಲ್ಲಿ ದುಡಿದವರು. ಎರಡು ಮಾತಿಗೊಮ್ಮೆ ಕೆಮ್ಮು. ಕಲ್ಲಿನ ಹುಡಿಯು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಎಂಬ ರೋಗವು ಒಮ್ಮೆ ಬಂದರೆ ಹೋಗದೆಂಬುದನ್ನು ನಾವು ಬಲ್ಲೆವು. ಆಸ್ಪತ್ರೆಗೆ ತೋರಿಸಿಕೊಳ್ಳಿರೆಂದು ಒತ್ತಾಯಿಸಿದೆವು. ಪ್ರವಾಸದ ದಿನದ ಪ್ರಶ್ನೆಯ ಕಥೆಯನ್ನು ಮಗಳಿಂದ ಕೇಳಿದ್ದ ಅವರು ಹೀಗೆಂದರು: "ಮೇಡಮ್ಮೋರೇ, ಕ್ವಾರಿ ಮುಚ್ಚಿಸಬೇಡಿ, ನಮ್ಮ ಹೊಟ್ಟೆಗೆ ಅದೇ ದಾರಿ. ನೀರು ಹೊಡೆದು ಧೂಳು ಅಡಗಿಸಲಿ, ಬೇಲಿ ಹಾಕಲಿ, ಬಿಟ್ಟು ಹೋಗೋವಾಗ ಗುಂಡಿ ಸರಿ ಮಾಡಿ ಹೋಗಲಿ. ಇಷ್ಟು ಕೇಳೋದು ತಪ್ಪಾ?"

ತಪ್ಪಲ್ಲ. ಅವರು ಕೇಳಿದ ಮೂರನ್ನೂ ಕಾನೂನೂ ಕೇಳುತ್ತದೆ. ಕಾನೂನಿಗೂ ಅವರಿಗೂ ನಡುವೆ ಇರಬೇಕಾದ ಮೇಲ್ವಿಚಾರಣೆಯೇ ಕಾಣೆಯಾಗಿರುವುದು.

9. ನಾವು ಮಾಡತಕ್ಕದ್ದೇನು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಗ್ರಾಮ ಪಂಚಾಯಿತಿಯ ಸದಸ್ಯೆಯರಾಗಿದ್ದೀರಿ, ಕೆಲವರು ಉಪಾಧ್ಯಾಯಿನಿಯರು, ಬಹಳ ಮಂದಿ ತಾಯಂದಿರು. ನಿಮ್ಮ ಊರಿನ ಹತ್ತಿರ ಹೊಸ ಕ್ವಾರಿಯು ಬರುವಾಗ ಬರಲೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಸುಮ್ಮನಾಗಬೇಡಿರಿ. ಮೊದಲ ಬಂಡೆಯು ಸಿಡಿಯುವ ಮುಂಚೆಯೇ ಇವನ್ನೂ ಕೇಳಿರಿ: ಮೇಲ್ಮಣ್ಣನ್ನು ಎಲ್ಲಿಡುವಿರಿ? ಕಸದ ರಾಶಿ ಎಲ್ಲಿ? ಅಲ್ಲಿಂದ ಮಳೆನೀರು ಯಾವ ಕೆರೆಗೆ ಇಳಿಯುವುದು? ಗುತ್ತಿಗೆ ಮುಗಿದ ಮೇಲೆ ಈ ನೆಲ ಏನಾಗಿರಬೇಕು? ಅದಕ್ಕೆ ಬೇಕಾದ ಹಣವನ್ನು ಯಾರ ಬಳಿ ಇಟ್ಟಿದ್ದೀರಿ? 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೂಲಕ ಅನುಮತಿಪತ್ರದ ಷರತ್ತುಗಳ ಪ್ರತಿಯನ್ನು ಯಾವ ಪ್ರಜೆಯಾದರೂ ಪಡೆಯಬಹುದು. ಷರತ್ತಿನ ಕಾಗದವು ಒಂದು ಕೈಯಲ್ಲಿದ್ದರೆ ಕ್ವಾರಿಯು ಕಣ್ಣೆದುರಿಗೇ ಇದೆ. ಎರಡನ್ನೂ ಹೋಲಿಸಿ ನೋಡಲು ಎಂಜಿನಿಯರೇ ಆಗಬೇಕಾಗಿಲ್ಲ.

2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬುದು ಏರ್ಪಟ್ಟಿದೆ. ಗಣಿಯವರು ಕೊಡುವ ಹಣದಿಂದ ಗಣಿಯಿಂದ ನೊಂದ ಊರಿಗೆ ನೀರು, ಆರೋಗ್ಯ, ವಿದ್ಯೆಗಳ ಕೆಲಸವಾಗಬೇಕು. ಆ ಹಣವು ನಿಮ್ಮ ಊರಿಗೆ ಬಂತೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಕೊನೆಗೆ ಆ ಕುಳಿಯ ಸಂಗತಿ. ಪ್ರವಾಸದಿಂದ ಬಂದ ಮುಂದಿನ ವಾರ ಒಂಬತ್ತನೆಯ ತರಗತಿಯವರು ಒಂದು ಅರ್ಜಿಯನ್ನು ಬರೆದರು. ಮೂರು ಸಲ ತಿದ್ದಿಸಿದೆವು. ಸಿಟ್ಟಿನ ಮಾತುಗಳನ್ನು ತೆಗೆಸಿ, ಸ್ಥಳ, ದಿನ, ಕಂಡ ಸಂಗತಿಗಳನ್ನು ಸೇರಿಸಿಸಿದೆವು. ಬೇಲಿ ಮತ್ತು ಎಚ್ಚರಿಕೆಯ ಹಲಗೆಯನ್ನು ಬೇಡಿ, ನಾವೂ ರುಜುಹಾಕಿ, ಸಂಬಂಧಪಟ್ಟ ಕಛೇರಿಗೆ ಕಳುಹಿಸಿದೆವು. ಇದನ್ನು ಬರೆಯುವ ದಿನದವರೆಗೆ ಉತ್ತರವು ಬಂದಿಲ್ಲ. ಎರಡು ನೆನಪೋಲೆಗಳನ್ನು ಕಳುಹಿಸಿಯಾಗಿದೆ; ಮೂರನೆಯದು ಮಳೆಗಾಲಕ್ಕೆ ಮುಂಚೆ ಹೋಗುವುದು, ಯಾಕಂದರೆ ಮಳೆ ಬಂದರೆ ಕುಳಿಯು ತುಂಬುವುದು, ಬೇಸಿಗೆಯ ರಜೆಯಲ್ಲಿ ಈಜು ಕಲಿತ ಹುಡುಗರು ಅಲ್ಲಿಗೆ ಇಳಿಯುವರು.

ಅಬರ್‌ಫಾನಿನ ಆ ಮುಖ್ಯೋಪಾಧ್ಯಾಯಿನಿಯು ತನ್ನ ಕೈಗೆ ಬಂದ ಅರ್ಜಿಯನ್ನು ಮೇಲಕ್ಕೆ ಮುಟ್ಟಿಸಿದ್ದರು. ಆಕೆಯ ತಪ್ಪೇನೂ ಇರಲಿಲ್ಲ. ಆದರೂ ಒಮ್ಮೆ ಕಳುಹಿಸಿದರೆ ಸಾಲದು, ಉತ್ತರ ಬರುವ ತನಕ ಕಳುಹಿಸುತ್ತಲೇ ಇರಬೇಕೆಂಬುದನ್ನು ನಾವು ಅಲ್ಲಿಂದ ಕಲಿತೆವು. ನಿಮ್ಮಲ್ಲಿ ಆ ದಾರಿಯಾಗಿ ಹೋಗುವವರು ಬೇಲಿಯನ್ನು ಕಂಡರೆ ದಯಮಾಡಿ ನಮಗೆ ತಿಳಿಸಿರಿ. ಆ ಬಾಲಿಕೆಗೆ ಹೇಳಬೇಕಾಗಿದೆ.

ಅಭ್ಯಾಸ
(ಮನೆಯಲ್ಲಿ ಮಕ್ಕಳೊಡನೆ ಕೂತು ಉತ್ತರಿಸತಕ್ಕವು)

1. ನಿಮ್ಮ ಮನೆಯಿಂದ ಅತಿ ಹತ್ತಿರದ ಕಲ್ಲಿನ ಕ್ವಾರಿ ಯಾವುದು? ಅದು ನಡೆಯುತ್ತಿದೆಯೇ, ನಿಂತಿದೆಯೇ? ಬೇಲಿಯುಂಟೇ?
2. ಅದರ ಮಳೆನೀರು ಯಾವ ಕೆರೆಗೆ ಅಥವಾ ಹೊಲಕ್ಕೆ ಹರಿಯುತ್ತದೆ?
3. ಭದ್ರತೆಯ ಹಣವನ್ನು ಗಣಿಯ ಕೆಲಸ ತೊಡಗುವ ಮುಂಚೆಯೇ ಏಕೆ ತೆಗೆದುಕೊಳ್ಳಬೇಕು? ಕೋಲಾರದ ಮತ್ತು ಅಬರ್‌ಫಾನಿನ ದೃಷ್ಟಾಂತಗಳಿಂದ ವಿವರಿಸಿರಿ.
4. ನಿಮ್ಮ ಊರಿನ ಒಂದು ಕುಂದನ್ನು ಕುರಿತು, ಸಿಟ್ಟಿನ ಮಾತಿಲ್ಲದೆ, ಸ್ಥಳ ದಿನಗಳ ಸಹಿತವಾಗಿ ಒಂದು ಅರ್ಜಿಯನ್ನು ಬರೆಯಿರಿ. ಬರೆದ ಮೇಲೆ ಕಳುಹಿಸಿರಿ.